ಮೊದಲು ತಾರೀಖು ಹೇಳಿ

ಕೆಲವು ವರ್ಷಗಳ ಹಿಂದೆ ನಾನು ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿದ್ದೆ. ಹೆಸರು ಬೇಡ ಬಿಡಿ, ಇಂಥ ಕಂಪನಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಬಯಲುಸೀಮೆಯ ಒಂದು ಯೋಜನೆಗೆ 'ರೈತರ ನೀರಿನ ಬೇಡಿಕೆ' ಅಂದಾಜು ಮಾಡಿಕೊಡುವುದು ನಮಗೆ ಬಂದಿದ್ದ ಕೆಲಸ. ಟ್ಯಾಬ್‌ನಲ್ಲಿ ತುಂಬುವ ಉದ್ದನೆಯ ಫಾರ್ಮು ತಯಾರಾಯಿತು. ಟೀಮಿನಲ್ಲಿ ಆ ಕಡೆಯವನು ನಾನೊಬ್ಬನೇ. ಪ್ರಶ್ನೆಗಳು ಜನರಿಗೆ ಅರ್ಥವಾಗುತ್ತವಾ ನೋಡಿಕೊಂಡು ಬಾ ಅಂತ ಊರಿಗೇ ಕಳಿಸಿದರು. ಊರು ಅಂದರೆ ಶಿರಾ ತಾಲ್ಲೂಕು, ಕಳ್ಳಂಬೆಳ್ಳದ ಪಕ್ಕ. ನೀವು ಹುಬ್ಬಳ್ಳಿಗೋ ಪುಣೆಗೋ ಹೋಗುವಾಗ ತುಮಕೂರು ದಾಟಿ ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಕೆರೆ ಕಾಣುತ್ತಲ್ಲ, ಅದೇ ಕಳ್ಳಂಬೆಳ್ಳ.

ದೊಡ್ಡಪ್ಪನ ಮುಂದೆ ಕೂತು ಪ್ರಶ್ನೆ ಓದಿದೆ. "ನಿಮ್ಮ ಜಮೀನಿಗೆ ವರ್ಷಕ್ಕೆ ಎಷ್ಟು ನೀರು ಬೇಕಾಗುತ್ತದೆ?"

"ಯಾವತ್ತು ಬಿಡ್ತಾರಂತೆ?"

"ಅದಲ್ಲ ದೊಡ್ಡಪ್ಪ, ಎಷ್ಟು ಬೇಕು ಅಂತ."

"ನಾನೂ ಅದನ್ನೇ ಕೇಳ್ತಿರೋದು ಕಣಪ್ಪ. ಯಾವತ್ತು ಬಿಡ್ತಾರೆ ಅಂತ ಗೊತ್ತಾದ್ರೆ ಏನು ಹಾಕ್ಬೇಕು ಅಂತ ಗೊತ್ತಾಗ್ತದೆ. ಏನು ಹಾಕ್ತೀನಿ ಅಂತ ಗೊತ್ತಾದ್ರೆ ಎಷ್ಟು ಬೇಕು ಅಂತ ಹೇಳ್ಬೋದು. ನೀನು ಮೊದ್ಲು ತಾರೀಖು ಹೇಳು."

ಆ ಜಾಗದಲ್ಲಿ ಫಾರ್ಮು ಅಂಕಿ ಬಿಟ್ಟು ಇನ್ನೇನೂ ತಗೊಳ್ಳುತ್ತಿರಲಿಲ್ಲ. ನಾನು 99 ಒತ್ತಿದೆ. ನಮ್ಮ ಕೋಡ್ ಪುಸ್ತಕದಲ್ಲಿ 99 ಅಂದರೆ 'ಉತ್ತರವಿಲ್ಲ'.

ಅವತ್ತಿನಿಂದ ಇವತ್ತಿನವರೆಗೆ ಈ ವಿಷಯದ ಮೇಲೆ ನಾನು ಓದಿದ ವರದಿಗಳಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ. ಬಯಲುಸೀಮೆಯ ರೈತನ ಬೇಡಿಕೆಗೆ ತಾರೀಖು ಇರುತ್ತದೆ. ತಾರೀಖು ಕಿತ್ತುಹಾಕಿ ಬರೀ ಟಿಎಂಸಿ ಬರೆದರೆ ಆ ಅಂಕಿ ಸುಳ್ಳು. ಸುಳ್ಳು ಅಂಕಿ ಕಟ್ಟಿಕೊಂಡು ನಾವು ಕಾಲುವೆ ತೋಡುತ್ತೇವೆ, ಆಮೇಲೆ ರೈತ ನೀರು ಪೋಲು ಮಾಡ್ತಾನೆ ಅಂತ ಬೆಂಗಳೂರಿನಲ್ಲಿ ಕೂತು ಬೈಯುತ್ತೇವೆ.

ಅಂದಾಜು ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ, ಎಕ್ಸೆಲ್ ಗೊತ್ತಿದ್ದರೆ ಸಾಕು. ಮೊದಲ ಕಾಲಂನಲ್ಲಿ ಬೆಳೆ. ಎರಡನೆಯದರಲ್ಲಿ ಎಕರೆ. ಮೂರನೆಯದರಲ್ಲಿ ಆ ಬೆಳೆಗೆ ಎಕರೆಗೆ ಎಷ್ಟು ನೀರು ಅನ್ನುವ ಕೈಪಿಡಿಯ ಅಂಕಿ. ಗುಣಿಸಿ, ಮಳೆಯಿಂದ ಸಿಗುವುದನ್ನು ಕಳೆದು, ಕಾಲುವೆಯಲ್ಲಿ ಸೋರುವುದನ್ನು ಕೂಡಿಸಿ. ಬಂತು ಬೇಡಿಕೆ. ಮೂರನೇ ಕಾಲಂ ಬಗ್ಗೆ ನನ್ನ ತಕರಾರಿಲ್ಲ, ಗಿಡಕ್ಕೆ ಎಷ್ಟು ನೀರು ಬೇಕು ಅನ್ನುವುದನ್ನು ವಿಜ್ಞಾನಿಗಳು ಚೆನ್ನಾಗಿಯೇ ಲೆಕ್ಕ ಹಾಕಿದ್ದಾರೆ. ತಕರಾರಿರುವುದು ಮೊದಲ ಕಾಲಂ ಮೇಲೆ. ಅದನ್ನು ತುಂಬುವವರು ಆಫೀಸಿನವರು. 'ಪ್ರಸ್ತಾವಿತ ಬೆಳೆ ಪದ್ಧತಿ' ಅಂತ ಅದಕ್ಕೆ ಹೆಸರು. ನಾನಿದ್ದ ಕಂಪನಿಯಲ್ಲಂತೂ ಲೆಕ್ಕ ಹಿಂದುಮುಂದಾಗಿ ನಡೆಯುತ್ತಿತ್ತು. ಸಿಗುವ ನೀರು ಇಷ್ಟು ಅಂತ ಮೊದಲೇ ತೀರ್ಮಾನವಾಗಿರುತ್ತಿತ್ತು, ಬೇಡಿಕೆ ಅದಕ್ಕೆ ಸರಿಹೊಂದುವವರೆಗೆ ನಾವು ರಾಗಿಯ ಎಕರೆ ಏರಿಸಿ ಭತ್ತದ ಎಕರೆ ಇಳಿಸುತ್ತಿದ್ದೆವು. ಆ ರಾಗಿಯನ್ನು ಯಾರು ಬಿತ್ತುತ್ತಾರೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಕಡೆಗೇ ಬರಬೇಕಾಗಿರುವ ಭದ್ರಾ ಮೇಲ್ದಂಡೆ ಯೋಜನೆ ತಗೊಳ್ಳಿ. ನೀರು 29.90 ಟಿಎಂಸಿ. ನೀರುಣಿಸಬೇಕಾದ ಜಮೀನು 2,25,515 ಹೆಕ್ಟೇರು. ಚಿಕ್ಕಮಗಳೂರು, ದಾವಣಗೆರೆ, ಚಿತ್ರದುರ್ಗ, ತುಮಕೂರು ನಾಲ್ಕೂ ಜಿಲ್ಲೆ ಸೇರಿ. ಹನಿ, ತುಂತುರು ಅಂತ ಸೂಕ್ಷ್ಮ ನೀರಾವರಿಯಲ್ಲೇ ಕೊಡುವ ಯೋಜನೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾದಾಗ ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ ಪಟಾಕಿಯ ಇಮೋಜಿಗಳು ಬಿದ್ದಿದ್ದೇ ಬಿದ್ದಿದ್ದು. ಈಗ ಸುಮ್ಮನೆ ಭಾಗಿಸಿ ನೋಡಿ. ಒಂದು ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್. ಕೆರೆ ತುಂಬಿಸುವುದಕ್ಕೆ ಒಂದು ಹನಿ ಕೊಡದೆ, ದಾರಿಯಲ್ಲಿ ಒಂದು ಹನಿ ಸೋರದೆ ಅಷ್ಟೂ ನೀರು ಹೊಲಕ್ಕೇ ಬಂತು ಅಂದುಕೊಂಡರೂ ಎಕರೆಗೆ ವರ್ಷಕ್ಕೆ 15 ಲಕ್ಷ ಲೀಟರ್ ಆಸುಪಾಸು. ರಾಗಿ, ಕಡಲೆಕಾಯಿ, ತೊಗರಿಗೆ ಇದು ಧಾರಾಳ.

ಅಡಿಕೆಗೆ? ಎಕರೆಗೆ 550 ಗಿಡ, ಗಿಡಕ್ಕೆ ಹನಿಯಲ್ಲಿ ದಿನಕ್ಕೆ 20 ಲೀಟರ್, ಮಳೆಯಿಲ್ಲದ 200 ದಿನ. 22 ಲಕ್ಷ ಲೀಟರ್. ಇದು ಅಚ್ಚುಕಟ್ಟಾಗಿ ಹನಿ ಹಾಕಿದವನ ಲೆಕ್ಕ, ಹಾಯಿಸುವವನದಲ್ಲ.

ಕಾಲುವೆ ಬರುವ ಮುಂಚೆಯೇ ತೋಟ ಬಂದಾಗಿದೆ. ಶಿರಾದಿಂದ ಹಿರಿಯೂರಿನವರೆಗೆ ಹೆದ್ದಾರಿಯ ಎರಡೂ ಕಡೆ ಕಣ್ಣು ಹಾಯಿಸಿ, ಹತ್ತು ವರ್ಷದ ಹಿಂದೆ ಕಡಲೆಕಾಯಿ ಇದ್ದ ಕೆಂಪು ಹೊಲಗಳಲ್ಲಿ ಅಡಿಕೆ ಸಸಿ ಕಾಣುತ್ತವೆ. ಇದನ್ನು ನೋಡಿ ನಮ್ಮ ಆಫೀಸಿನ ಗೆಳೆಯರು ದುರಾಸೆ ಅನ್ನುತ್ತಾರೆ. ಅಡಿಕೆಗೆ ರೇಟಿದೆ, ಅದಕ್ಕೇ ಹಾಕ್ತಾರೆ. ಅರ್ಧ ಸತ್ಯ. ಇನ್ನರ್ಧ ಹೀಗಿದೆ: ಕೆರೆಯ ನೀರು ನಂಬುವ ಹಾಗಿಲ್ಲ, ಮಳೆ ವರ್ಷಕ್ಕೆ ಐನೂರು, ಆರುನೂರು ಮಿಲಿಮೀಟರ್ ಆಸುಪಾಸು, ಅದೂ ಬಂದಾಗ ಬಂತು. ಹಾಗಾಗಿ ಬೋರ್ ಕೊರೆಸುತ್ತಾನೆ. ಮೊದಲನೆಯದು ಫೇಲು, ಎರಡನೆಯದರಲ್ಲಿ ಒಂದೂವರೆ ಇಂಚು, ಅದೂ ಮೂರು ವರ್ಷಕ್ಕೆ ಬತ್ತಿತು. ರಿಗ್ಗಿಗೆ, ಕೇಸಿಂಗಿಗೆ, ಮೋಟರಿಗೆ ಅಂತ ಲಕ್ಷಗಟ್ಟಲೆ ಸಾಲ. ಆ ಸಾಲ ರಾಗಿಯಿಂದ ತೀರಲ್ಲ, ಕಡಲೆಕಾಯಿಯಿಂದಲೂ ತೀರಲ್ಲ. ಅಡಿಕೆ ಹಾಕಬೇಕು. ಅಡಿಕೆ ಹಾಕಿದ ಮೇಲೆ ಒಂದು ಬೇಸಿಗೆಯೂ ತಪ್ಪಿಸುವ ಹಾಗಿಲ್ಲ, ತಪ್ಪಿದರೆ ಇಷ್ಟು ವರ್ಷ ಸಾಕಿದ ಮರವೇ ಹೋಗುತ್ತೆ. ವರ್ಷಕ್ಕೆ ಎರಡು ತಿಂಗಳು ನೀರು ಕೇಳುತ್ತಿದ್ದ ಮನುಷ್ಯ ಹೀಗೆ ವರ್ಷವಿಡೀ ಕೇಳುವವನಾಗುತ್ತಾನೆ. ನೀರು ಬರುತ್ತೆ ಅನ್ನುವ ನಂಬಿಕೆ ಕಮ್ಮಿಯಾದಷ್ಟೂ ಬೇಡಿಕೆ ಜಾಸ್ತಿ. ಎಕ್ಸೆಲ್‌ನಲ್ಲಿ ಇದಕ್ಕೆ ಕಾಲಂ ಇಲ್ಲ.

ಈಗ ಬೇರೆ ಲೆಕ್ಕ ಮಾಡೋಣ. ಕಡಲೆಕಾಯಿ ಹೂವು ಬಿಟ್ಟು ಕಾಯಿ ಮಣ್ಣಿಗಿಳಿಯುವ ಹೊತ್ತಿಗೆ ಹದಿನೈದು, ಇಪ್ಪತ್ತು ದಿನ ಮಳೆ ಕೈಕೊಟ್ಟರೆ ಬೆಳೆ ಹೋಯಿತು ಅಂತಲೇ. ಪಾವಗಡ, ಮಧುಗಿರಿ, ಶಿರಾ ಕಡೆಯ ಯಾವ ರೈತನನ್ನು ಕೇಳಿದರೂ ಈ ಕತೆ ಹೇಳುತ್ತಾನೆ. ಆಗ ಎರಡಿಂಚು ನೀರು ಒಂದೇ ಒಂದು ಸಲ ಕೊಟ್ಟರೆ ಬೆಳೆ ಉಳಿಯುತ್ತೆ. ಎಕರೆಗೆ ಎರಡು ಲಕ್ಷ ಲೀಟರ್. ಒಂದು ಎಕರೆ ಅಡಿಕೆಯ ವರ್ಷದ ನೀರಿನಲ್ಲಿ ಹನ್ನೊಂದು ಎಕರೆ ಕಡಲೆಕಾಯಿಗೆ ಜೀವ ಬರುತ್ತೆ. ಸೋರಿಕೆ ಬಿಟ್ಟು ಹೇಳುವುದಾದರೆ ಒಂದು ಟಿಎಂಸಿಯಲ್ಲಿ 1.4 ಲಕ್ಷ ಎಕರೆಗೆ ಒಂದು ಸಲ ಹಾಯಿಸಬಹುದು, ಅದೇ ಒಂದು ಟಿಎಂಸಿ ಅಡಿಕೆಗಾದರೆ 13 ಸಾವಿರ ಎಕರೆಗೂ ಸಾಲದು. ಆದರೆ ಆ ಎರಡಿಂಚು ಆಗಸ್ಟಿನ ಆ ಹದಿನೈದು ದಿನದಲ್ಲೇ ಬರಬೇಕು. ದೀಪಾವಳಿಗೆ ಬಂದರೆ ಏನು ಪ್ರಯೋಜನ? ಬಾಗಿನ ಬಿಡಬಹುದು, ಅಷ್ಟೇ.

ಬಾಗಿನ ಅಂದಾಗ ಮದಲೂರು ನೆನಪಾಯಿತು. 2020ರ ನವೆಂಬರ್‌ನಲ್ಲಿ ಶಿರಾ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಪ್ರಚಾರಕ್ಕೆ ಬಂದು ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸುವ ಮಾತು ಕೊಟ್ಟರು. ಇಡೀ ಚುನಾವಣೆ ಒಂದು ಕೆರೆಯ ಸುತ್ತ ತಿರುಗಿತು. ಪಕ್ಷ ಯಾವುದಾದರೂ ಇರಲಿ, ನಮ್ಮಲ್ಲಿ ರೈತರ ಬೇಡಿಕೆ ನಿಜವಾಗಿ ಅಂದಾಜಾಗುವುದು ಹೀಗೆ: ವೋಟಿನಲ್ಲಿ, ಐದು ವರ್ಷಕ್ಕೊಮ್ಮೆ. ಅಲ್ಲೂ ಸಿಗುವುದು ಕೆರೆಯ ಹೆಸರು. ಪ್ರತಿ ವರ್ಷ ಯಾವ ತಿಂಗಳು, ಎಷ್ಟು ದಿನ ಅಂತ ಯಾರೂ ಬರೆದುಕೊಡುವುದಿಲ್ಲ.

ಕಳ್ಳಂಬೆಳ್ಳಕ್ಕೂ ಶಿರಾಕ್ಕೂ ಹೇಮಾವತಿ ಬರುವುದು ಕುಡಿಯುವ ನೀರಿನ ಹೆಸರಿನಲ್ಲಿ. ಹಾಸನ ಜಿಲ್ಲೆಯ ಗೊರೂರಿನಿಂದ ಹೊರಟು, ಬಾಗೂರು-ನವಿಲೆ ಸುರಂಗ ದಾಟಿ, ತುಮಕೂರು ನಾಲೆಯ ಮೂಲಕ ಇಲ್ಲಿಗೆ ತಲುಪುವ ಹೊತ್ತಿಗೆ ಅದಕ್ಕೆ ಸುಸ್ತಾಗಿರುತ್ತೆ. ಕುಡಿಯುವುದಕ್ಕೆ ಅಂತ ಬಂದ ನೀರನ್ನು ಅಚ್ಚುಕಟ್ಟಿಗೆ ಬಿಡುವ ಹಾಗಿಲ್ಲ. ಸರಿ. ಆದರೆ ಕೆರೆ ತುಂಬಿದರೆ ಸುತ್ತಲ ಬೋರುಗಳಲ್ಲಿ ನೀರು ಮೇಲೆ ಬರುತ್ತೆ. ತೂಬು ಮುಚ್ಚಿರುತ್ತೆ, ಮೋಟರ್ ಓಡುತ್ತಿರುತ್ತೆ. ಬೋರ್ ಇದ್ದವನಿಗೆ ಕೆರೆ ನೀರು ಸಿಕ್ಕಿತು. ಅದೇ ಕೆರೆಯ ಕೆಳಗೆ ಅಚ್ಚುಕಟ್ಟಿನಲ್ಲಿ ಜಮೀನಿದ್ದೂ ಬೋರ್ ಇಲ್ಲದವನು ಏರಿ ಮೇಲೆ ನಿಂತು ನೋಡಿದ. ಕಾಗದದಲ್ಲಿ ಇಲ್ಲಿ ನೀರಾವರಿ ಬೇಡಿಕೆ ಸೊನ್ನೆ, ಯಾಕೆಂದರೆ ಇದು ಕುಡಿಯುವ ನೀರು!

ಇನ್ನು ಆ ಬೋರುಗಳು ಎತ್ತುವ ನೀರನ್ನು ಅಳೆಯುವವರು ಯಾರು? ಯಾರೂ ಇಲ್ಲ. ಅಂತರ್ಜಲದ ಲೆಕ್ಕ ಹಾಕುವ ಇಲಾಖೆಗಳು ಬಾವಿಗಳ ಸಂಖ್ಯೆಯನ್ನು ಒಂದು ಬಾವಿಗೆ ಸರಾಸರಿ ಇಷ್ಟು ಅನ್ನುವ ಅಂಕಿಯಿಂದ ಗುಣಿಸುತ್ತವೆ, ಇಲ್ಲವೇ ಬೆಳೆ ನೋಡಿ ಅಂದಾಜು ಮಾಡುತ್ತವೆ, ಇಲ್ಲವೇ ಕರೆಂಟು ಎಷ್ಟು ಖರ್ಚಾಯಿತು ನೋಡುತ್ತವೆ. ಕರೆಂಟಿಗೆ ಬನ್ನಿ. ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ಕರ್ನಾಟಕದಲ್ಲಿ ಕರೆಂಟು ಉಚಿತ, ಬಹುಪಾಲಿಗೆ ಮೀಟರ್ ಇಲ್ಲ. ಹಾಗಾಗಿ ಕರೆಂಟಿನ ಲೆಕ್ಕವೂ ಅಂದಾಜು. ಒಂದು ಅಂದಾಜಿನ ಮೇಲೆ ಇನ್ನೊಂದು ಅಂದಾಜು ಕೂತಿದೆ. ಮೀಟರ್ ಹಾಕಿ ಅಂತ ವಿದ್ಯುತ್ ನಿಯಂತ್ರಣ ಆಯೋಗ ವರ್ಷಗಳಿಂದ ಎಸ್ಕಾಂಗಳಿಗೆ ಹೇಳುತ್ತಲೇ ಬಂದಿದೆ. ಮೀಟರ್ ಇಲ್ಲದ ಕಡೆ ಸೋರಿಕೆಯಾದ ಕರೆಂಟು, ಕದ್ದ ಕರೆಂಟು ಎಲ್ಲವನ್ನೂ ರೈತನ ಖಾತೆಗೆ ತಳ್ಳಲು ಜಾಗ ಇರುತ್ತೆ. ಆಮೇಲೆ ಅದೇ ಅಂಕಿ ತಗೊಂಡು 'ರೈತರು ಇಷ್ಟು ನೀರೆತ್ತಿದರು' ಅಂತ ಇನ್ನೊಬ್ಬರು ಪ್ರಬಂಧ ಬರೆಯುತ್ತಾರೆ.

ಪೋಲಿನ ವಿಷಯಕ್ಕೆ ಬರುತ್ತೇನೆ, ನನಗೆ ಸಿಟ್ಟು ಬರುವುದೇ ಇಲ್ಲಿ. ರಾತ್ರಿಯಿಡೀ ಮೋಟರ್ ಓಡಿಸಿ ನೀರು ಹಾಳು ಮಾಡ್ತಾರೆ ಅಂತೀರಲ್ಲ, ಆಟೋ ಸ್ಟಾರ್ಟರ್ ಅಂತ ಒಂದು ಡಬ್ಬಿ ಇದೆ, ನೋಡಿದ್ದೀರಾ? ಕರೆಂಟು ಬಂದ ತಕ್ಷಣ ಮೋಟರ್ ತಾನಾಗಿ ಶುರುವಾಗುತ್ತೆ. ತ್ರೀ ಫೇಸ್ ಏಳು ಗಂಟೆ ಕೊಡುತ್ತೇವೆ ಅನ್ನುತ್ತೆ ಸರ್ಕಾರ. ಆ ಏಳು ಗಂಟೆ ಯಾವಾಗ? ಈ ವಾರ ಹಗಲು, ಮುಂದಿನ ವಾರ ರಾತ್ರಿ ಒಂದು ಗಂಟೆಗೆ, ಅದೂ ತುಂಡು ತುಂಡಾಗಿ. ಹಾವು, ಚಿರತೆ, ಕರಡಿ ಓಡಾಡುವ ಕಡೆ ಆ ಹೊತ್ತಿನಲ್ಲಿ ಟಾರ್ಚ್ ಹಿಡಿದು ಹೊಲಕ್ಕೆ ಹೋಗಬೇಕು. ಆದ್ದರಿಂದ ಸ್ವಿಚ್ಚು ಯಾವಾಗಲೂ ಆನ್. ಬಂದಷ್ಟು ಬರಲಿ, ನಾಳೆ ಬರುತ್ತೋ ಇಲ್ಲವೋ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಳೆ ನೀರು ಬರಲ್ಲ ಅಂತ ಮೆಸೇಜ್ ಬಂದ ರಾತ್ರಿ ನೀವು ಏನು ಮಾಡುತ್ತೀರಿ? ಬಕೆಟ್ಟು, ಬಿಂದಿಗೆ, ಪಾತ್ರೆ ಎಲ್ಲ ತುಂಬಿಸಿಡುತ್ತೀರಿ, ಬೆಳಗ್ಗೆ ಅರ್ಧ ಚೆಲ್ಲುತ್ತೀರಿ. ಅದಕ್ಕೆ ಯಾರೂ ದುರಾಸೆ ಅನ್ನಲ್ಲ. ಗುಜರಾತ್ 2003ರಲ್ಲಿ ಶುರುಮಾಡಿದ ಜ್ಯೋತಿಗ್ರಾಮ ಯೋಜನೆಯಲ್ಲಿ ಕೃಷಿಗೆ ಪ್ರತ್ಯೇಕ ಫೀಡರ್ ಎಳೆದು, ದಿನಕ್ಕೆ ಎಂಟು ಗಂಟೆ ಒಳ್ಳೆ ಕರೆಂಟನ್ನು ವೇಳಾಪಟ್ಟಿ ಮೊದಲೇ ಹೇಳಿ ಕೊಟ್ಟರು. ನಮ್ಮಲ್ಲೂ ನಿರಂತರ ಜ್ಯೋತಿಯ ಹೆಸರಿನಲ್ಲಿ ಫೀಡರ್ ಬೇರೆ ಮಾಡಿದರು. ತಂತಿ ಬೇರೆಯಾಯಿತು, ವೇಳೆ ನಂಬುವ ಹಾಗೆ ಆಗಲಿಲ್ಲ.

2024ರ ಮಾರ್ಚ್ ನೆನಪಿರಬೇಕು. ಬೆಂಗಳೂರಿನ ಬೋರುಗಳು ಬತ್ತಿ ನಾವೆಲ್ಲ ಟ್ಯಾಂಕರಿಗೆ ಬೆಳಗಿನ ಜಾವ ಫೋನ್ ಹಚ್ಚಿ ಕೂತಿದ್ದೆವು. ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಲೀಟರಿಗೆ ಹತ್ತು ಪೈಸೆ. ಅದೇ ಬೇಸಿಗೆ ನಮ್ಮ ಜಿಲ್ಲೆಯಲ್ಲೂ ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ, ತೆಂಗು ಉಳಿಸಿಕೊಂಡವರಿದ್ದಾರೆ. ನಿಮ್ಮ ದರದಲ್ಲೇ ಲೆಕ್ಕ ಹಾಕಿ: ಗಿಡಕ್ಕೆ ದಿನಕ್ಕೆ ಎರಡು ರೂಪಾಯಿ, ಎಕರೆಗೆ ದಿನಕ್ಕೆ 1,100. ಯಾವ ರೈತ ನೀರಿಗೆ ದುಡ್ಡು ಕೊಡಲ್ಲ ಅಂತ ನಮ್ಮ ವರದಿಗಳು ಷರಾ ಬರೆಯುತ್ತವೋ ಆ ರೈತ ಏಪ್ರಿಲ್‌ನಲ್ಲಿ ಬೆಂಗಳೂರಿನವರ ದರ ಕೊಟ್ಟಿದ್ದಾನೆ. ಅದೇ ರೈತ ಅಕ್ಟೋಬರ್‌ನಲ್ಲಿ ಬಿಟ್ಟಿ ಕೊಟ್ಟರೂ ಬೇಡ ಅನ್ನಬಹುದು. ಎರಡೂ ನಿಜ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ 'ಸರಾಸರಿ ಬೇಡಿಕೆ' ಅಂದರೆ ಯಾರಿಗೆ ಉಪಯೋಗ?

ಪಾವಗಡದಲ್ಲಿ ಇನ್ನೊಂದು ಅಂದಾಜು ತಾನಾಗಿ ನಡೆದುಹೋಯಿತು. ತಿರುಮಣಿ ಸುತ್ತಮುತ್ತ 13,000 ಎಕರೆ ಸೋಲಾರ್ ಪಾರ್ಕಿಗೆ ಹೋಯಿತು. ಮಾರಿಸಿಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ರೈತರು ಸಹಿ ಹಾಕಿದರು. ಆ ಒಪ್ಪಂದದಲ್ಲಿ ನೀರಿನ ಮಾತೇ ಇಲ್ಲ, ಆದರೂ ನನ್ನ ಮಟ್ಟಿಗೆ ಅದು ನೀರಿನ ಬಗ್ಗೆ ನಡೆದ ದೊಡ್ಡ ಸರ್ವೇ. ಕಡಲೆಕಾಯಿ ಒಳ್ಳೆ ಮಳೆಯ ವರ್ಷ ಅದಕ್ಕಿಂತ ಜಾಸ್ತಿ ಕೊಡಬಹುದು, ಕೆಟ್ಟ ವರ್ಷ ಬೀಜದ ದುಡ್ಡೂ ಹುಟ್ಟಲ್ಲ. ಬಾಡಿಗೆ ಮಾತ್ರ ಪ್ರತಿ ವರ್ಷ ಬರುತ್ತೆ. (ಭೂಮಿ ಇಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಅದು ಬೇರೆಯದೇ ಜಗಳ, ಇನ್ನೊಮ್ಮೆ ಬರೆಯುತ್ತೇನೆ.)

ಹಾಗಾದರೆ ಹಿಂದಿನವರು ಚೆನ್ನಾಗಿ ಮಾಡುತ್ತಿದ್ದರಾ? ಕೆರೆಯಲ್ಲಿ ನೀರು ಎಷ್ಟಿದೆ ನೋಡಿ, ಈ ಸಲ ಭತ್ತವೋ ರಾಗಿಯೋ, ಅಚ್ಚುಕಟ್ಟು ಪೂರ್ತಿಯೋ ಅರ್ಧವೋ ಅಂತ ಬಿತ್ತನೆಗೆ ಮುಂಚೆ ಮಾತಾಡಿಕೊಳ್ಳುವ ಪದ್ಧತಿ ಇತ್ತು. ಅದರಲ್ಲಿ ಬುದ್ಧಿ ಇತ್ತು. ಅದನ್ನು ಹಾಡಿ ಹೊಗಳುವಷ್ಟು ಮರುಳು ನನಗಿಲ್ಲ. ನೀರುಗಂಟಿ ಬಹಳ ಊರುಗಳಲ್ಲಿ ದಲಿತ. ತೂಬು ಎತ್ತುವ ಕೈ ಅವನದು, ಯಾವತ್ತು ಎತ್ತಬೇಕು ಅನ್ನುವ ಮಾತು ಗೌಡರದು. ದೊಡ್ಡ ಎಂಜಿನಿಯರುಗಳ ಲೆಕ್ಕವೂ ಅಷ್ಟೇ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು, 30 ಟಿಎಂಸಿ ಹಿಡಿಯುವ ಜಲಾಶಯ. ಅದು ಕೋಡಿ ಬಿದ್ದದ್ದು 1933ರಲ್ಲಿ ಒಮ್ಮೆ. ಮತ್ತೆ ಬಿದ್ದದ್ದು 2022ರಲ್ಲಿ. ಬರುವ ನೀರನ್ನೇ ನಂಬುವ ಹಾಗಿಲ್ಲದ ಸೀಮೆಯಲ್ಲಿ ಬೇಡಿಕೆಗೆ ಮಾತ್ರ ದಶಮಾಂಶದ ಮುಂದೆ ಎರಡು ಅಂಕಿ ಬರೆಯುವ ನಮ್ಮ ಧೈರ್ಯ ದೊಡ್ಡದು.

ಬೇರೆ ದಾರಿ ಇಲ್ಲವೇ ಅಂದರೆ, ಪಾವಗಡದ ಬೇಲಿಯಾಚೆ ನೋಡಿ. ಮೂರು ಕಡೆ ಆಂಧ್ರ. ಅಲ್ಲಿನ ಅನಂತಪುರವೂ ಸೇರಿ ಏಳು ಬರಪೀಡಿತ ಜಿಲ್ಲೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ರೈತರೇ ಅಂತರ್ಜಲ ಅಳೆಯುವ ಒಂದು ಯೋಜನೆ ನಡೆಯಿತು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ. ಊರಿನವರೇ ಮಳೆ ಅಳೆದರು, ಬೋರಿನ ನೀರಿನ ಮಟ್ಟ ಅಳೆದರು, ಹಿಂಗಾರಿಗೆ ಮುಂಚೆ ಒಟ್ಟಿಗೆ ಕೂತು ಇರುವ ನೀರಿಗೂ ಹಾಕಬೇಕೆಂದಿರುವ ಬೆಳೆಗೂ ತಾಳೆ ನೋಡಿದರು. ಇದನ್ನೇ ಹಾಕು ಅಂತ ಯಾರೂ ಕಟ್ಟು ಹಾಕಲಿಲ್ಲ, ಸಬ್ಸಿಡಿ ಆಸೆ ತೋರಿಸಲಿಲ್ಲ. ಅಂಕಿ ರೈತನ ಕೈಯಲ್ಲಿತ್ತು, ತೀರ್ಮಾನವೂ ಅವನದೇ. 2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಇದೇ ವಿಚಾರವನ್ನು ನಮ್ಮ ಜಿಲ್ಲೆಗೂ ತಂದಿತು. ಗ್ರಾಮ ಪಂಚಾಯಿತಿಗೊಂದು ನೀರಿನ ಬಜೆಟ್ಟು. ಒಳ್ಳೆಯದೇ. ಆದರೆ ಪಂಚಾಯಿತಿ ಕಟ್ಟಡದ ಗೋಡೆ ಮೇಲೆ ಪೇಂಟಿನಲ್ಲಿ ಬರೆಸಿದ ಬಜೆಟ್ಟನ್ನು ಮುಂದಿನ ವರ್ಷ ಅಳಿಸಿ ಬರೆಯದಿದ್ದರೆ ಅದು ಬಜೆಟ್ಟಲ್ಲ, ಶಿಲಾಶಾಸನ.

ನಮ್ಮವರ ತಪ್ಪನ್ನೂ ಹೇಳದಿದ್ದರೆ ಈ ಲೇಖನ ವಕಾಲತ್ತಾಗುತ್ತೆ. ಮೀಟರ್ ಅಂದರೆ ನಮ್ಮ ಕಡೆ ರೈತ ಸಂಘಟನೆಗಳಿಗೆ ಆಗಿಬರಲ್ಲ. ಪಂಪ್‌ಸೆಟ್ಟಿನ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿ ಅಂದಾಗಲೂ ಗಲಾಟೆ ಆಯಿತು. ಇವತ್ತು ಮೀಟರ್, ನಾಳೆ ಬಿಲ್ಲು ಅನ್ನುವ ಭಯ ಸುಳ್ಳಲ್ಲ. ಆದರೆ ಅಳತೆ ಬೇಡ ಅನ್ನುವವನ ಪಾಲಿನ ಅಂಕಿಯನ್ನು ಬೇರೆಯವರು ಬರೆಯುತ್ತಾರೆ. ನನ್ನಂಥವರು ಬರೆಯುತ್ತಾರೆ, ಎಸಿ ರೂಮಿನಲ್ಲಿ ಕೂತು, 99 ಅಂತ. ಪಂಜಾಬ್ 2018ರಲ್ಲಿ ಉಳಿಸಿದ ಕರೆಂಟಿಗೆ ರೈತನಿಗೇ ದುಡ್ಡು ಕೊಡುವ ಪ್ರಯೋಗ ಮಾಡಿತು. ಅಂಥದ್ದನ್ನು ಕೇಳಬಹುದಲ್ಲ? ಮೀಟರ್ ಹಾಕುತ್ತೇವೆ, ಬದಲಿಗೆ ಹಗಲು ಹೊತ್ತು ನಿಗದಿ ಮಾಡಿ ಕರೆಂಟು ಕೊಡಿ, ನಾಲೆ ಬಿಡುವ ದಿನಗಳನ್ನು ಯುಗಾದಿಗೆ ಮುಂಚೆ ಬರೆದುಕೊಡಿ, ತಪ್ಪಿದರೆ ಪರಿಹಾರ ಕೊಡಿ ಅಂತ ಚೌಕಾಸಿ ಮಾಡಬಹುದಲ್ಲ?

ಹೋದ ವಾರ ದೊಡ್ಡಪ್ಪ ಫೋನ್ ಮಾಡಿದ್ದರು. ಇನ್ನೊಂದು ಬೋರ್ ಹಾಕಿಸಬೇಕು, ಸ್ವಲ್ಪ ದುಡ್ಡು ಬೇಕಿತ್ತು ಅಂತ. ಇಷ್ಟೆಲ್ಲ ಬರೆಯುವ ನಾನು ಕಳಿಸಿದೆ. ಬೇಡ ಅನ್ನುವುದಕ್ಕೆ ನನ್ನ ಹತ್ತಿರ ತಾರೀಖು ಇರಲಿಲ್ಲ. ಮುಂದಿನ ತಿಂಗಳು ಊರಿಗೆ ಹೋಗುವಾಗ ಪೈಪಿಗೆ ಕೂರಿಸುವ ನೀರಿನ ಮೀಟರ್ ಒಂದನ್ನು ನನ್ನ ದುಡ್ಡಿನಲ್ಲೇ ಕೊಂಡೊಯ್ಯುತ್ತಿದ್ದೇನೆ. ದಿನಾ ಅಂಕಿ ಬರೆದುಕೊಳ್ಳುವ ಕೆಲಸ ದೊಡ್ಡಮ್ಮ ಒಪ್ಪಿದ್ದಾರೆ. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ, ಬೈಸಿಕೊಳ್ಳುವುದು ಗ್ಯಾರಂಟಿ.